ಆಶ್ರಯ ಕೋರಿ ಬಂದವರಿಗೆ ದುಡಿಯುವ ಹಕ್ಕಿದೆಯೇ? ಕಾನೂನು ಏನು ಹೇಳುತ್ತದೆ, ಕಲ್ಯಾಣ್ ಕ್ಯಾಂಪ್‌ನ ಕಥೆ ಏನು ಹೇಳುತ್ತದೆ?

ಕಳವಾ ಸ್ಟೇಷನ್‌ನಲ್ಲಿ ಅಂಬರನಾಥ ಕಡೆಗೆ ಹೋಗುವ ಸ್ಲೋ ಲೋಕಲ್ ಹತ್ತಿದರೆ ಮುಂಬ್ರಾ, ದಿವಾ, ಡೊಂಬಿವಲಿ, ಕಲ್ಯಾಣ್ ದಾಟಿ, ವಿಠ್ಠಲವಾಡಿ ಆದ ಮೇಲೆ ಸಿಗುವುದು ಉಲ್ಹಾಸನಗರ. ಜೀನ್ಸ್ ಪ್ಯಾಂಟ್, ಫರ್ನಿಚರ್, ಮದುವೆಯ ಬಟ್ಟೆಬರೆ ಕಡಿಮೆ ಬೆಲೆಗೆ ಬೇಕೆಂದರೆ ಥಾಣೆ, ಡೊಂಬಿವಲಿ, ನವಿ ಮುಂಬಯಿಯ ಜನ ಹೋಗುವುದು ಈ ಊರಿಗೇ. ಅಲ್ಲಿ ವಿಳಾಸ ಹೇಳುವಾಗ ಇಂದಿಗೂ 'ಕ್ಯಾಂಪ್ ನಂಬರ್ 2', 'ಕ್ಯಾಂಪ್ ನಂಬರ್ 4' ಎನ್ನುವುದೇ ರೂಢಿ.

ಈ 'ಕ್ಯಾಂಪ್' ಎಂಬ ಮಾತು ಸುಮ್ಮನೆ ಬಂದದ್ದಲ್ಲ. ದೇಶ ವಿಭಜನೆಯಾದಾಗ ಸಿಂಧ್ ಪ್ರಾಂತ್ಯದಿಂದ ಮನೆ ಮಠ ಬಿಟ್ಟು ಬಂದ ಸುಮಾರು ಒಂದು ಲಕ್ಷ ಜನರನ್ನು ಇರಿಸಿದ್ದು ಇಲ್ಲಿಯೇ. ಬರಿಗೈಯಲ್ಲಿ ಬಂದವರು ಕಟ್ಟಿದ ಈ ಊರಿನಲ್ಲಿ 2011ರ ಜನಗಣತಿ ಪ್ರಕಾರ 5 ಲಕ್ಷಕ್ಕೂ ಹೆಚ್ಚು ಜನರಿದ್ದರು.

ಇಂದು ಜಗತ್ತಿನ ಹಲವು ದೇಶಗಳಲ್ಲಿ ನಡೆಯುತ್ತಿರುವ ಒಂದು ಚರ್ಚೆಗೆ ನಮ್ಮ ಮನೆ ಹತ್ತಿರದ ಈ ಊರಿನಲ್ಲಿ ಅರ್ಧ ಉತ್ತರವಿದೆ. ಬೇರೆ ದೇಶದಿಂದ ಜೀವ ಉಳಿಸಿಕೊಳ್ಳಲು ಓಡಿ ಬಂದವರಿಗೆ ಕೆಲಸ ಮಾಡಲು ಬಿಡಬೇಕೇ? ಬಿಟ್ಟರೆ ಸ್ಥಳೀಯರಿಗೆ ನಷ್ಟವೇ, ಲಾಭವೇ? ಭಾರತದ ಕಾನೂನು ಏನು ಹೇಳುತ್ತದೆ? ಇಲ್ಲಿದೆ ವಿವರ.

ಆಶ್ರಯ ಕೋರಿದವರು ಮತ್ತು ನಿರಾಶ್ರಿತರು: ವ್ಯತ್ಯಾಸವೇನು?

ಎರಡೂ ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕಾನೂನಿನಲ್ಲಿ ಹಾಗಲ್ಲ.

ಯುದ್ಧ, ಧರ್ಮ, ಜನಾಂಗ ಅಥವಾ ರಾಜಕೀಯ ನಿಲುವಿನ ಕಾರಣಕ್ಕೆ ಕಿರುಕುಳಕ್ಕೆ ಹೆದರಿ ಇನ್ನೊಂದು ದೇಶಕ್ಕೆ ಬಂದು, 'ನನಗೆ ರಕ್ಷಣೆ ಕೊಡಿ' ಎಂದು ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿರುವ ವ್ಯಕ್ತಿ ಆಶ್ರಯ ಕೋರಿದವರು. ಅರ್ಜಿಯನ್ನು ಪರಿಶೀಲಿಸಿ, 'ಇವರ ಭಯ ನಿಜ' ಎಂದು ಒಪ್ಪಿಕೊಂಡ ಮೇಲೆ ಅದೇ ವ್ಯಕ್ತಿ ನಿರಾಶ್ರಿತ ಎನಿಸಿಕೊಳ್ಳುತ್ತಾರೆ. ಉದ್ಯೋಗ ಹುಡುಕಿಕೊಂಡು ವೀಸಾ ಪಡೆದು ಹೋಗುವವರು ಈ ಎರಡೂ ಗುಂಪಿಗೆ ಸೇರುವುದಿಲ್ಲ. ಅವರು ವಲಸಿಗರು.

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು ಜಗತ್ತಿನಲ್ಲಿ 12.32 ಕೋಟಿ. ಇವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಬೇರೆ ಕಡೆಗೆ ಹೋದವರು. ಗಡಿ ದಾಟಿದ ನಿರಾಶ್ರಿತರು ಸುಮಾರು 4.27 ಕೋಟಿ. ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿದ್ದವರು 84 ಲಕ್ಷ.

ಸಮಸ್ಯೆ ಇರುವುದು ಈ ಕಾಯುವ ಅವಧಿಯಲ್ಲಿ. ಅರ್ಜಿ ಇತ್ಯರ್ಥಕ್ಕೆ ಕೆಲವು ಕಡೆ ತಿಂಗಳುಗಳು ಹಿಡಿದರೆ, ಕೆಲವು ಕಡೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಬಾಡಿಗೆ ಯಾರು ಕಟ್ಟಬೇಕು? ಮಕ್ಕಳ ಊಟಕ್ಕೆ ಏನು ಮಾಡಬೇಕು? ಸರ್ಕಾರ ಸಾಕಬೇಕೇ, ಅಥವಾ ಅವರೇ ದುಡಿದು ಉಣ್ಣಲು ಬಿಡಬೇಕೇ?

ಅಂತರರಾಷ್ಟ್ರೀಯ ನಿಯಮ ಏನಿದೆ?

ವಿಶ್ವಸಂಸ್ಥೆ 1948ರಲ್ಲಿ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ 14ನೇ ವಿಧಿ ಕಿರುಕುಳದಿಂದ ಪಾರಾಗಲು ಬೇರೆ ದೇಶದಲ್ಲಿ ಆಶ್ರಯ ಕೋರುವ ಹಕ್ಕನ್ನು ಹೇಳುತ್ತದೆ. 23ನೇ ವಿಧಿ ದುಡಿಯುವ ಹಕ್ಕನ್ನು ಹೇಳುತ್ತದೆ.

1951ರ ನಿರಾಶ್ರಿತರ ಒಪ್ಪಂದ ಇನ್ನೂ ಸ್ಪಷ್ಟ. ಅದರ 17ನೇ ವಿಧಿ ಕೂಲಿ ಮತ್ತು ಸಂಬಳದ ಕೆಲಸದ ಬಗ್ಗೆ, 18ನೇ ವಿಧಿ ಸ್ವಂತ ವ್ಯಾಪಾರ, ಕೃಷಿ, ಕೈಕಸುಬಿನ ಬಗ್ಗೆ, 19ನೇ ವಿಧಿ ವೈದ್ಯ, ವಕೀಲ ಮುಂತಾದ ವೃತ್ತಿಗಳ ಬಗ್ಗೆ. ಆದರೆ ಕಾನೂನುಬದ್ಧವಾಗಿ ನೆಲೆಸಿದ ನಿರಾಶ್ರಿತರಿಗೆ 17ನೇ ವಿಧಿ ಕೊಡುವಷ್ಟು ಭರವಸೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಸಿಗುವುದಿಲ್ಲ. ಹೀಗಾಗಿ ಒಂದೊಂದು ದೇಶ ಒಂದೊಂದು ನಿಯಮ ಮಾಡಿಕೊಂಡಿದೆ.

* ಬ್ರಿಟನ್: ಅರ್ಜಿ ಹಾಕಿ 12 ತಿಂಗಳಾದರೂ ತೀರ್ಪು ಬರದಿದ್ದರೆ, ಮತ್ತು ತಡ ಅರ್ಜಿದಾರರಿಂದ ಆದದ್ದಲ್ಲದಿದ್ದರೆ, ಕೆಲಸಕ್ಕೆ ಅನುಮತಿ ಕೇಳಬಹುದು. ಅದೂ ಸರ್ಕಾರದ ಪಟ್ಟಿಯಲ್ಲಿರುವ ಹುದ್ದೆಗಳಿಗೆ ಮಾತ್ರ. ಅಲ್ಲಿಯವರೆಗೆ ಸರ್ಕಾರ ವಸತಿ ಮತ್ತು ಖರ್ಚಿಗೆ ಹಣ ಕೊಡುತ್ತದೆ. 2024ರಲ್ಲಿ ಆ ಮೊತ್ತ ಒಬ್ಬರಿಗೆ ವಾರಕ್ಕೆ 49.18 ಪೌಂಡ್ ಇತ್ತು.

* ಐರೋಪ್ಯ ಒಕ್ಕೂಟ: 2013ರ ನಿಯಮದಲ್ಲಿ ಗರಿಷ್ಠ 9 ತಿಂಗಳ ಕಾಯುವಿಕೆ ಇತ್ತು. 2024ರಲ್ಲಿ ಅದನ್ನು 6 ತಿಂಗಳಿಗೆ ಇಳಿಸಲಾಯಿತು. ಸದಸ್ಯ ದೇಶಗಳಿಗೆ 2026ರ ಜೂನ್ ಗಡುವು ನೀಡಲಾಗಿದೆ.

* ಉಗಾಂಡ: 2006ರ ಕಾನೂನಿನಂತೆ ನಿರಾಶ್ರಿತರು ದುಡಿಯಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ವಸತಿ ಪ್ರದೇಶಗಳಲ್ಲಿ ಸಾಗುವಳಿಗೆ ತುಂಡು ಭೂಮಿಯನ್ನೂ ಕೊಡುತ್ತಾರೆ.

* ಕೊಲಂಬಿಯಾ: ವೆನೆಜುವೆಲಾದಿಂದ ಬಂದವರಿಗೆ 2021ರಲ್ಲಿ 10 ವರ್ಷಗಳ ತಾತ್ಕಾಲಿಕ ರಕ್ಷಣೆ ಘೋಷಿಸಿತು. ಅದರಲ್ಲಿ ಕೆಲಸ ಮಾಡುವ ಹಕ್ಕೂ ಸೇರಿದೆ.

ಶ್ರೀಮಂತ ದೇಶಗಳಿಗಿಂತ ಉಗಾಂಡ, ಕೊಲಂಬಿಯಾದಂಥ ದೇಶಗಳೇ ಬೇಗ ಬಾಗಿಲು ತೆರೆದಿವೆ. ಇದಕ್ಕೆ ಉದಾರತೆಯೊಂದೇ ಕಾರಣವಲ್ಲ. ಲಕ್ಷಗಟ್ಟಲೆ ಜನರನ್ನು ಕೂರಿಸಿ ಸಾಕುವಷ್ಟು ಹಣ ಆ ಸರ್ಕಾರಗಳ ಬಳಿ ಇಲ್ಲ.

ಭಾರತದಲ್ಲಿ ಏನು ನಿಯಮ?

ಭಾರತ 1951ರ ಒಪ್ಪಂದಕ್ಕಾಗಲಿ, 1967ರ ಅದರ ಪೂರಕ ಒಡಂಬಡಿಕೆಗಾಗಲಿ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಬದಲಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲೂ 'ನಿರಾಶ್ರಿತ' ಎಂಬ ಪ್ರತ್ಯೇಕ ವರ್ಗವಿಲ್ಲ. ಕಾನೂನಿನ ಕಣ್ಣಿಗೆ ಓಡಿ ಬಂದವರೂ ವಿದೇಶಿಯರೇ, ಪ್ರವಾಸಕ್ಕೆ ಬಂದವರೂ ವಿದೇಶಿಯರೇ.

ಹಾಗಾದರೆ ಸಂವಿಧಾನ? ಇಲ್ಲಿ ಒಂದು ಸೂಕ್ಷ್ಮವಿದೆ.

ಯಾವುದೇ ವೃತ್ತಿ, ವ್ಯಾಪಾರ ನಡೆಸುವ ಹಕ್ಕನ್ನು ಕೊಡುವುದು 19(1)(ಜಿ) ವಿಧಿ. ಅದು ನಾಗರಿಕರಿಗೆ ಮಾತ್ರ. ಆದರೆ ಜೀವಿಸುವ ಹಕ್ಕಿನ 21ನೇ ವಿಧಿ ಮತ್ತು ಸಮಾನತೆಯ 14ನೇ ವಿಧಿ 'ಯಾವುದೇ ವ್ಯಕ್ತಿ'ಗೆ ಅನ್ವಯ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ನಾಗರಿಕರಲ್ಲದವರ ಜೀವವನ್ನೂ ಸರ್ಕಾರ ಕಾಪಾಡಬೇಕು ಎಂದಿತು.

ಮುಂಬಯಿಯವರಿಗೆ ಪರಿಚಿತವಾದ ಇನ್ನೊಂದು ತೀರ್ಪಿದೆ. ಫುಟ್‌ಪಾತ್ ನಿವಾಸಿಗಳನ್ನು ಮಹಾನಗರ ಪಾಲಿಕೆ ಎಬ್ಬಿಸಲು ಹೊರಟಾಗ ನ್ಯಾಯಾಲಯಕ್ಕೆ ಹೋದ ಓಲ್ಗಾ ಟೆಲ್ಲಿಸ್ ಪ್ರಕರಣ ಅದು. 1985ರಲ್ಲಿ ಬಂದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ದುಡಿಮೆಯ ದಾರಿ ಕಿತ್ತುಕೊಂಡರೆ ಬದುಕನ್ನೇ ಕಿತ್ತುಕೊಂಡಂತೆ ಎನ್ನುವುದು ಅದರ ಸಾರ.

ಈ ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಪ್ರಶ್ನೆ ತಾನಾಗಿಯೇ ಏಳುತ್ತದೆ. ಜೀವಿಸುವ ಹಕ್ಕು ವಿದೇಶಿಯರಿಗೂ ಇದೆ, ಜೀವನೋಪಾಯವಿಲ್ಲದೆ ಜೀವವಿಲ್ಲ, ಆದರೆ ವೃತ್ತಿಯ ಹಕ್ಕು ನಾಗರಿಕರಿಗೆ ಮಾತ್ರ. ಈ ಗಂಟನ್ನು ಬಿಡಿಸುವ ಕಾನೂನು ನಮ್ಮಲ್ಲಿಲ್ಲ. ಅದರ ಜಾಗದಲ್ಲಿ ಇರುವುದು ಗೃಹ ಸಚಿವಾಲಯದ ಆದೇಶಗಳು, ಒಂದೊಂದು ಗುಂಪಿಗೆ ಒಂದೊಂದು ಬಗೆಯವು.

ಯಾರಿಗೆ ಏನು ಸಿಗುತ್ತದೆ?

ದೀರ್ಘಾವಧಿ ವೀಸಾ ಎಂಬುದು ಇಲ್ಲಿ ಮುಖ್ಯ ಕಾಗದ. 2011ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಹೊರಡಿಸಿದ ಕಾರ್ಯವಿಧಾನದಂತೆ, ಕಿರುಕುಳದ ಭಯ ಮೇಲ್ನೋಟಕ್ಕೆ ನಿಜವೆಂದು ಕಂಡುಬಂದ ವಿದೇಶಿಯರಿಗೆ ಭದ್ರತಾ ಪರಿಶೀಲನೆ ಬಳಿಕ ಈ ವೀಸಾ ಕೊಡಬಹುದು. ಅದು ಸಿಕ್ಕವರು ಖಾಸಗಿ ವಲಯದಲ್ಲಿ ಕೆಲಸ ಮಾಡಬಹುದು, ಶಾಲಾ ಕಾಲೇಜಿನಲ್ಲಿ ಓದಬಹುದು.

ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ ಸಮುದಾಯದವರಿಗೆ 2016ರಲ್ಲಿ ಇನ್ನಷ್ಟು ಸೌಲಭ್ಯ ಬಂತು. ದೀರ್ಘಾವಧಿ ವೀಸಾ ಇದ್ದರೆ ಬ್ಯಾಂಕ್ ಖಾತೆ, ಪ್ಯಾನ್, ಆಧಾರ್, ಡ್ರೈವಿಂಗ್ ಲೈಸೆನ್ಸ್, ಸ್ವಂತ ಉದ್ಯೋಗಕ್ಕೆ ಬೇಕಾದ ಜಾಗ ಕೊಳ್ಳಲು ಅವಕಾಶ ಸಿಕ್ಕಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಇವರಿಗೆ ಪೌರತ್ವ ಕೊಡುವ ಅಧಿಕಾರವನ್ನು ಏಳು ರಾಜ್ಯಗಳ 16 ಜಿಲ್ಲಾಧಿಕಾರಿಗಳಿಗೆ ವಹಿಸಲಾಯಿತು. ಮಹಾರಾಷ್ಟ್ರದಲ್ಲಿ ಆ ಪಟ್ಟಿಯಲ್ಲಿದ್ದವು ನಾಗಪುರ, ಮುಂಬಯಿ, ಪುಣೆ ಮತ್ತು ಥಾಣೆ. ಪಟ್ಟಿಯಲ್ಲಿ ಥಾಣೆ ಇದ್ದದ್ದರಲ್ಲಿ ಅಚ್ಚರಿಯಿಲ್ಲ. ಸಿಂಧಿ ನೆಂಟರು ಇರುವ ಉಲ್ಹಾಸನಗರ ಇದೇ ಜಿಲ್ಲೆಯಲ್ಲಿದೆ.

ಬಳಿಕ ಬಂದ 2019ರ ಪೌರತ್ವ ತಿದ್ದುಪಡಿ ಕಾಯ್ದೆ 2014ರ ಡಿಸೆಂಬರ್ 31ರೊಳಗೆ ಬಂದ ಇದೇ ಸಮುದಾಯಗಳಿಗೆ ಪೌರತ್ವದ ದಾರಿ ತೆರೆಯಿತು. ಅದರ ನಿಯಮಗಳು ಜಾರಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಮುಸ್ಲಿಮರನ್ನು ಹೊರಗಿಟ್ಟಿರುವ ಈ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹಲವು ಅರ್ಜಿಗಳು ಹೋಗಿವೆ.

ಈ ಪಟ್ಟಿಗೆ ಸೇರದವರ ಪಾಡು ಬೇರೆ. ಮ್ಯಾನ್ಮಾರ್‌ನ ರೊಹಿಂಗ್ಯಾ ಮತ್ತು ಚಿನ್ ಜನ, ಅಫ್ಘಾನಿಸ್ತಾನದ ಮುಸ್ಲಿಂ ಕುಟುಂಬಗಳಲ್ಲಿ ಅನೇಕರ ಬಳಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡ್. ಅದು ಕೆಲಸದ ಪರವಾನಗಿಯಲ್ಲ. ಗುಜರಿ ಆಯುವುದು, ಕಟ್ಟಡ ಕೆಲಸ, ಹೋಟೆಲ್, ಮನೆಗೆಲಸ ಹೀಗೆ ಕಾಗದ ಕೇಳದ ಕಡೆ ಅವರು ದುಡಿಯುತ್ತಾರೆ. ಸಂಬಳ ಕೊಡದೆ ಮೋಸ ಮಾಡಿದರೆ ದೂರು ಕೊಡಲು ಹೋಗುವ ಧೈರ್ಯ ಇರುವುದಿಲ್ಲ.

ಕಲ್ಯಾಣ್ ಕ್ಯಾಂಪ್ ಊರಾದದ್ದು ಹೇಗೆ?

ಈಗ ಉಲ್ಹಾಸನಗರಕ್ಕೆ ಬರೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಯಾಣ್ ಬಳಿ ಸೈನಿಕರಿಗಾಗಿ ಬ್ಯಾರಕ್‌ಗಳನ್ನು ಕಟ್ಟಲಾಗಿತ್ತು. ಯುದ್ಧ ಮುಗಿದ ಮೇಲೆ ಅವು ಖಾಲಿಯಾದವು. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆ ನಡೆದ ಬಳಿಕ ಸಿಂಧಿ ಹಿಂದೂಗಳು ಹಡಗು ಹತ್ತಿ ಮುಂಬಯಿ ಬಂದರಿಗೆ ಬಂದಿಳಿಯತೊಡಗಿದರು. ಚೆಂಬೂರು, ಮುಲುಂಡ್‌ಗಳಲ್ಲಿ ಕ್ಯಾಂಪ್‌ಗಳು ತೆರೆದವು. ಅತಿ ದೊಡ್ಡ ಗುಂಪನ್ನು ಕಲ್ಯಾಣ್‌ನ ಖಾಲಿ ಬ್ಯಾರಕ್‌ಗಳಿಗೆ ಕಳಿಸಲಾಯಿತು.

1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇಲ್ಲಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಉಲ್ಹಾಸ್ ನದಿಯ ಹೆಸರಿನಿಂದ ಅದು ಉಲ್ಹಾಸನಗರವಾಯಿತು.

ಬ್ಯಾರಕ್ ಬದುಕು ಸುಲಭವಿರಲಿಲ್ಲ. ಉದ್ದನೆಯ ಷೆಡ್‌ಗಳಲ್ಲಿ ಗೋಣಿ ಪರದೆ ಕಟ್ಟಿಕೊಂಡು ಸಂಸಾರಗಳು ಬದುಕಿದವು. ಆದರೆ ಹಪ್ಪಳ, ಉಪ್ಪಿನಕಾಯಿ, ಪೆಪ್ಪರ್‌ಮಿಂಟ್, ಬಟ್ಟೆ ತುಂಡು ಹಿಡಿದು ಲೋಕಲ್ ಟ್ರೇನ್‌ನಲ್ಲಿ, ರಸ್ತೆಬದಿಯಲ್ಲಿ ಮಾರಲು ಅವರು ಯಾರ ಅನುಮತಿಗೂ ಕಾಯಬೇಕಿರಲಿಲ್ಲ. ಕಡಿಮೆ ಲಾಭ, ಹೆಚ್ಚು ಮಾರಾಟ ಎಂಬ ಲೆಕ್ಕದಲ್ಲಿ ವ್ಯಾಪಾರ ಬೆಳೆಯಿತು. ಕೈಗಾಡಿ ಅಂಗಡಿಯಾಯಿತು, ಅಂಗಡಿಯ ಹಿಂದೆ ಸಣ್ಣ ಕಾರ್ಖಾನೆ ಬಂತು.

ಅವರು ಹೀಗೆ ಮಾಡಲು ಸಾಧ್ಯವಾದದ್ದಕ್ಕೆ ಕಾರಣ ಸಂವಿಧಾನದ 6ನೇ ವಿಧಿ. 1948ರ ಜುಲೈ 19ಕ್ಕೆ ಮೊದಲು ಪಾಕಿಸ್ತಾನದಿಂದ ಬಂದು ನೆಲೆಸಿದವರನ್ನು ಅದು ನೇರವಾಗಿ ನಾಗರಿಕರೆಂದು ಪರಿಗಣಿಸಿತು. ನಂತರ ಬಂದವರು ಹೆಸರು ನೋಂದಾಯಿಸಿಕೊಳ್ಳಬೇಕಿತ್ತು. ಅಂದರೆ ಕಟ್ಟುನಿಟ್ಟಾಗಿ ಹೇಳುವುದಾದರೆ ಉಲ್ಹಾಸನಗರದವರು 'ಆಶ್ರಯ ಕೋರಿದ ವಿದೇಶಿಯರು' ಅಲ್ಲ. ಮನೆ, ಆಸ್ತಿ, ನಂಟು ಎಲ್ಲ ಕಳೆದುಕೊಂಡು ಬಂದರೂ ದುಡಿಯುವ ಹಕ್ಕನ್ನು ಮಾತ್ರ ಕಳೆದುಕೊಳ್ಳದವರು.

ಸರ್ಕಾರವೂ ಸುಮ್ಮನೆ ಕೂರಲಿಲ್ಲ. ನಿರಾಶ್ರಿತರ ಉದ್ಯಮ, ವ್ಯಾಪಾರಕ್ಕೆ ಸಾಲ ಕೊಡಲು 1948ರಲ್ಲಿ ಪುನರ್ವಸತಿ ಹಣಕಾಸು ಆಡಳಿತ ಎಂಬ ಸಂಸ್ಥೆಯನ್ನೇ ಸ್ಥಾಪಿಸಿತು. ಬಿಟ್ಟು ಬಂದ ಆಸ್ತಿಗೆ ಪರಿಹಾರ ಕೊಡಲು 1954ರಲ್ಲಿ ಕಾಯ್ದೆ ಬಂತು.

ಇವರ ಕೊಡುಗೆ ಬಟ್ಟೆ, ಫರ್ನಿಚರ್‌ಗೆ ಮುಗಿಯಲಿಲ್ಲ. ಕರಾಚಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಅಧ್ಯಾಪಕರು 1948ರಲ್ಲಿ ಮುಂಬಯಿಯಲ್ಲಿ ಜೈ ಹಿಂದ್ ಕಾಲೇಜು ಕಟ್ಟಿದರು. ಕೆ. ಎಂ. ಕುಂದನಾನಿ ಮತ್ತು ವಕೀಲ ಹೋತ್‌ಚಂದ್ ಅಡ್ವಾನಿ ಸೇರಿ 1949ರಲ್ಲಿ ಬಾಂದ್ರಾದಲ್ಲಿ ನ್ಯಾಷನಲ್ ಕಾಲೇಜು ತೆರೆದರು. ಅದೇ ಮಂಡಳಿ ಮುಂದೆ ಚರ್ಚ್‌ಗೇಟ್‌ನ ಕೆ.ಸಿ. ಕಾಲೇಜು, ಉಲ್ಹಾಸನಗರದ ಸಿ.ಎಚ್.ಎಂ. ಕಾಲೇಜುಗಳನ್ನು ನಡೆಸಿತು. ಈ ಕಾಲೇಜುಗಳ ಬಾಗಿಲು ಸಿಂಧಿಗಳಿಗೆ ಮಾತ್ರ ತೆರೆದದ್ದಲ್ಲ.

ಹಾಗೆಂದು ಉಲ್ಹಾಸನಗರದ ಕಥೆಯಲ್ಲಿ ಎಲ್ಲವೂ ಚೆಂದವಿಲ್ಲ. ನಕಲಿ ಬ್ರಾಂಡ್‌ಗಳ ಊರು ಎಂಬ ಅಪಖ್ಯಾತಿ ಅದಕ್ಕೆ ಅಂಟಿತು. ಜೀನ್ಸ್ ತೊಳೆಯುವ ಘಟಕಗಳ ಬಣ್ಣದ ನೀರು ವಾಲ್ಧುನಿ ನದಿಯನ್ನು ಕೆಡಿಸಿತು. ಅನಧಿಕೃತ ಕಟ್ಟಡಗಳು ಎಷ್ಟಾದವೆಂದರೆ, ಅವನ್ನು ಸಕ್ರಮಗೊಳಿಸಲು ಮಹಾರಾಷ್ಟ್ರ 2006ರಲ್ಲಿ ಈ ಊರಿಗಾಗಿಯೇ ಕಾನೂನು ತರಬೇಕಾಯಿತು. ದುಡಿಯಲು ಬಿಟ್ಟ ಸರ್ಕಾರ ಊರಿನ ಯೋಜನೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎನ್ನುವುದೂ ಇದರಲ್ಲಿರುವ ಪಾಠ.

ಕರ್ನಾಟಕದ ಅನುಭವ: ಬೈಲಕುಪ್ಪೆ

ಉಲ್ಹಾಸನಗರದವರು ನಾಗರಿಕರಾಗಿದ್ದರು. ವಿದೇಶಿಯರಾಗಿಯೇ ಉಳಿದ ನಿರಾಶ್ರಿತರ ಉದಾಹರಣೆ ಬೇಕಿದ್ದರೆ ಕರ್ನಾಟಕಕ್ಕೆ ಹೋಗಬೇಕು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಟಿಬೆಟನ್ನರಲ್ಲಿ ಅನೇಕರು ಮೊದಲು ದುಡಿದದ್ದು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ. ಅವರಿಗೆ ನೆಲೆ ಒದಗಿಸುವಂತೆ ನೆಹರೂ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ನೀಡಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಚಳಿನಾಡಿನ ಜನ ಬಿಸಿಲಿನಲ್ಲಿ ಕಾಡು ಕಡಿದು, ಆನೆ ಕಾಟ ತಡೆದುಕೊಂಡು ಮುಸುಕಿನ ಜೋಳ ಬೆಳೆಯಲು ಕಲಿತರು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಬಳಿಯ ಒಡೆಯರಪಾಳ್ಯದಲ್ಲೂ ವಸತಿಗಳಾದವು.

ಇಲ್ಲಿಯೂ ಆರಂಭದಿಂದಲೇ ದುಡಿಯಲು ಅವಕಾಶವಿತ್ತು. ಉಳುಮೆ, ಸಹಕಾರ ಸಂಘ, ರತ್ನಗಂಬಳಿ ನೇಯ್ಗೆ. ಚಳಿಗಾಲ ಬಂದರೆ ಸ್ವೆಟರ್ ವ್ಯಾಪಾರ. ಪಂಜಾಬಿನ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಉದ್ದರಿಗೆ ಮಾಲು ತಂದು ದೇಶದ ಊರೂರುಗಳ ಫುಟ್‌ಪಾತ್‌ನಲ್ಲಿ ಮಾರಿ, ಹಂಗಾಮು ಮುಗಿದ ಮೇಲೆ ಹಣ ಕಟ್ಟುವ ವ್ಯವಹಾರ ದಶಕಗಳಿಂದ ನಡೆದಿದೆ. ಅಂದರೆ ನಿರಾಶ್ರಿತರ ದುಡಿಮೆಯಿಂದ ಲೂಧಿಯಾನದ ಮಗ್ಗದವರಿಗೂ ಕೆಲಸ ಸಿಕ್ಕಿದೆ. ಬೈಲಕುಪ್ಪೆಯ ನಾಮ್‌ದ್ರೋಲಿಂಗ್ ವಿಹಾರದ ಚಿನ್ನದ ದೇಗುಲ ನೋಡಲು ಬರುವ ಪ್ರವಾಸಿಗರಿಂದ ಕುಶಾಲನಗರದ ಹೋಟೆಲ್, ಆಟೊ, ಅಂಗಡಿಯವರಿಗೂ ವ್ಯಾಪಾರ.

ಆದರೆ ಮಿತಿಗಳೂ ಇವೆ. ಭೂಮಿ ಗುತ್ತಿಗೆಯದು, ಸ್ವಂತದ್ದಲ್ಲ. ಟಿಬೆಟನ್ನರು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಬಂದು ಐದು ದಶಕ ಕಳೆದ ಮೇಲೆ, 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ, ಯಾವುದೇ ಆರ್ಥಿಕ ಚಟುವಟಿಕೆಗೆ ಪರವಾನಗಿ ಕೊಡಬಹುದು, ಓದಿಗೆ ತಕ್ಕಂತೆ ನರ್ಸಿಂಗ್, ಬೋಧನೆ, ವೈದ್ಯಕೀಯ, ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ಕೆಲಸ ಮಾಡಬಹುದು ಎಂದು ಕೇಂದ್ರ ಸರ್ಕಾರ ಬರಹದಲ್ಲಿ ಹೇಳಿತು.

ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳದ್ದೂ ಇಂಥದೇ ಕಥೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಬೇಸಾಯಕ್ಕೆ ಇಳಿದವು.

ಕೆಲಸಕ್ಕೆ ತಡೆ ಹಾಕಿದರೆ ಏನಾಗುತ್ತದೆ?

ಇದಕ್ಕೆ ಜರ್ಮನಿಯಿಂದ ಒಂದು ಗಟ್ಟಿ ಉತ್ತರ ಸಿಕ್ಕಿದೆ. ಯುಗೊಸ್ಲಾವಿಯಾ ಯುದ್ಧದಿಂದ ಓಡಿ ಬಂದವರ ಬಗ್ಗೆ ಮೊರಿಟ್ಸ್ ಮಾರ್ಬಾಕ್, ಯೆನ್ಸ್ ಹೈನ್‌ಮುಲರ್ ಮತ್ತು ಡೊಮಿನಿಕ್ ಹ್ಯಾಂಗಾರ್ಟ್ನರ್ ಎಂಬ ಸಂಶೋಧಕರು 2018ರಲ್ಲಿ ಅಧ್ಯಯನ ಪ್ರಕಟಿಸಿದರು.

ಜರ್ಮನಿಯ ನಿಯಮ ಬದಲಾದ ಕಾರಣ 1999ರಲ್ಲಿ ಬಂದವರು ಕೆಲಸಕ್ಕಾಗಿ ಸರಾಸರಿ 19 ತಿಂಗಳು ಕಾಯಬೇಕಾಯಿತು. 2000ದಲ್ಲಿ ಬಂದವರು ಕಾದದ್ದು 12 ತಿಂಗಳು. ಎರಡೂ ಗುಂಪಿನವರು ಒಂದೇ ನಾಡಿನವರು, ಒಂದೇ ಬಗೆಯವರು. ವ್ಯತ್ಯಾಸ 7 ತಿಂಗಳು ಮಾತ್ರ. ಆದರೆ ಐದು ವರ್ಷದ ನಂತರ ನೋಡಿದಾಗ ಹೆಚ್ಚು ಕಾಲ ಕಾದವರಲ್ಲಿ ಉದ್ಯೋಗದಲ್ಲಿದ್ದವರ ಪ್ರಮಾಣ ಸುಮಾರು 20 ಶೇಕಡಾವಾರು ಅಂಶದಷ್ಟು ಕಡಿಮೆಯಿತ್ತು. ಅಂತರ ಅಳಿಯಲು ಹತ್ತು ವರ್ಷದವರೆಗೆ ಹಿಡಿಯಿತು. ಕೊಟ್ಟ ಭತ್ಯೆ ಮತ್ತು ಬರದೆ ಹೋದ ತೆರಿಗೆ ಸೇರಿ ಜರ್ಮನಿಗೆ ವರ್ಷಕ್ಕೆ ಸರಾಸರಿ 4 ಕೋಟಿ ಯೂರೋ ನಷ್ಟವೆಂದು ಅವರು ಲೆಕ್ಕ ಹಾಕಿದರು.

ಕಾರಣ ಅರ್ಥವಾಗುವಂಥದ್ದೇ. ಕೆಲಸ ಬಿಟ್ಟು ಕೂತವರ ಕೈಚಳಕ ಹೋಗುತ್ತದೆ, ಭಾಷೆ ಕಲಿಯುವ ಅವಕಾಶ ತಪ್ಪುತ್ತದೆ, ಪರಿಚಯಗಳು ಬೆಳೆಯುವುದಿಲ್ಲ, ಮನಸ್ಸು ಕುಗ್ಗುತ್ತದೆ. ಆಮೇಲೆ ಬಾಗಿಲು ತೆರೆದರೂ ಒಳಗೆ ಹೋಗುವ ಚೈತನ್ಯ ಉಳಿದಿರುವುದಿಲ್ಲ.

ಲಾಭದ ಕಡೆಯ ಲೆಕ್ಕಗಳೂ ಇವೆ. 1985ರಿಂದ 2015ರವರೆಗೆ ಪಶ್ಚಿಮ ಯುರೋಪಿನ 15 ದೇಶಗಳನ್ನು ಗಮನಿಸಿದ ಫ್ರೆಂಚ್ ಸಂಶೋಧಕರು, ಆಶ್ರಯ ಕೋರಿದವರು ಆತಿಥೇಯ ದೇಶಗಳ ಖಜಾನೆಯನ್ನು ಬರಿದು ಮಾಡಲಿಲ್ಲ, ಅವರು ಖಾಯಂ ನಿವಾಸಿಗಳಾಗುತ್ತಿದ್ದಂತೆ ಆರ್ಥಿಕತೆಗೆ ಒಳಿತೇ ಆಯಿತು ಎಂಬ ತೀರ್ಮಾನಕ್ಕೆ ಬಂದರು. 2005ರಿಂದ 2014ರವರೆಗೆ ನಿರಾಶ್ರಿತರು ತಮಗಾದ ಖರ್ಚಿಗಿಂತ 6,300 ಕೋಟಿ ಡಾಲರ್ ಹೆಚ್ಚು ಆದಾಯ ತಂದಿದ್ದಾರೆ ಎಂದು ಅಮೆರಿಕ ಸರ್ಕಾರದ ಇಲಾಖೆಯೊಂದರ ಕರಡು ವರದಿ ಲೆಕ್ಕ ಹಾಕಿತ್ತು. 2017ರಲ್ಲಿ ಅದು ಪತ್ರಿಕೆಗಳ ಮೂಲಕ ಹೊರಬಂತು.

ಭಾರತೀಯರಿಗೆ ಹತ್ತಿರದ ಉದಾಹರಣೆ 1972ರದ್ದು. ಉಗಾಂಡದ ಇದಿ ಅಮೀನ್ ಅಲ್ಲಿದ್ದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಲು ಹೇಳಿದಾಗ ಸುಮಾರು 28,000 ಜನ, ಹೆಚ್ಚಾಗಿ ಗುಜರಾತಿಗಳು, ಬ್ರಿಟನ್‌ಗೆ ಹೋದರು. 'ನಮ್ಮೂರಿಗೆ ಬರಬೇಡಿ' ಎಂಬ ಅರ್ಥದ ಜಾಹೀರಾತನ್ನು ಲೆಸ್ಟರ್ ನಗರಾಡಳಿತ ಉಗಾಂಡದ ಪತ್ರಿಕೆಯಲ್ಲೇ ಹಾಕಿಸಿತ್ತು. ಆದರೂ ಅನೇಕರು ಅಲ್ಲಿಗೇ ಹೋದರು. ಅವರಲ್ಲಿ ಹೆಚ್ಚಿನವರ ಬಳಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದುದರಿಂದ ಕೆಲಸಕ್ಕೆ ಕಾಯಬೇಕಾಗಲಿಲ್ಲ. ಇಂದು ಲೆಸ್ಟರ್‌ನ ಅಂಗಡಿ ಬೀದಿಗಳು, ದೀಪಾವಳಿ ಉತ್ಸವ ಆ ನಗರದ ಹೆಮ್ಮೆಯಾಗಿವೆ.

ಸ್ಥಳೀಯರ ಕೆಲಸಕ್ಕೆ ಕುತ್ತು ಬರುವುದಿಲ್ಲವೇ?

ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಹೊಸದಾಗಿ ಬಂದವರು ಕಡಿಮೆ ಕೂಲಿಗೆ ಒಪ್ಪಿದರೆ ಮೊದಲು ಪೆಟ್ಟು ಬೀಳುವುದು ಅದೇ ಕೆಲಸ ಮಾಡುವ ಸ್ಥಳೀಯ ಬಡವರಿಗೆ.

1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಮಯಾಮಿ ನಗರದ ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ ಶೇ 7ರಷ್ಟು ಏರಿತು. ಸ್ಥಳೀಯರ ಕೂಲಿಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದನ್ನು ಒಪ್ಪಲಿಲ್ಲ. ಹೈಸ್ಕೂಲು ಮುಗಿಸದ ಕಾರ್ಮಿಕರ ಕೂಲಿ ಇಳಿದಿತ್ತು ಎಂದು ಅವರು ವಾದಿಸಿದರು. ಅಂದರೆ ಒಟ್ಟು ಊರಿಗೆ ನಷ್ಟವಿಲ್ಲದಿದ್ದರೂ ಒಂದು ವರ್ಗಕ್ಕೆ ನಷ್ಟವಾಗುವ ಸಾಧ್ಯತೆಯನ್ನು ಸರ್ಕಾರ ಗಮನದಲ್ಲಿಡಬೇಕು.

ಆದರೆ ಇಲ್ಲಿ ಒಂದು ಮುಖ್ಯ ಅಂಶವಿದೆ. ಕೆಲಸಕ್ಕೆ ತಡೆ ಹಾಕಿದ ಮಾತ್ರಕ್ಕೆ ಹೊಟ್ಟೆಪಾಡು ನಿಲ್ಲುವುದಿಲ್ಲ. ಕೆಲಸ ಕದ್ದುಮುಚ್ಚಿ ನಡೆಯುತ್ತದೆ. ಥಾಣೆ, ಕಳವಾ, ಕಲ್ಯಾಣ್‌ನ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವವರಿಗೆ ಇದು ಗೊತ್ತಿರುವ ವಿಷಯ. ಕಾಗದವಿಲ್ಲದವರನ್ನು ಮುಕಾದಮ ಅರ್ಧ ಕೂಲಿಗೆ ಕರೆದೊಯ್ದರೆ, ಕಾಗದವಿರುವವರಿಗೂ ಮರುದಿನ ಪೂರ್ತಿ ಕೂಲಿ ಕೇಳುವುದು ಕಷ್ಟ. ಅನುಮತಿ, ಕನಿಷ್ಠ ವೇತನ, ಪಿ.ಎಫ್., ದೂರು ಕೊಡುವ ಅವಕಾಶ ಎಲ್ಲರಿಗೂ ಒಂದೇ ಆದಾಗ ಮಾಲೀಕನಿಗೆ ಅಗ್ಗದ ಆಳು ಸಿಗುವುದಿಲ್ಲ. ಹೀಗಾಗಿ ನಿರಾಶ್ರಿತರ ದುಡಿಯುವ ಹಕ್ಕು ಸ್ಥಳೀಯ ಕಾರ್ಮಿಕರ ಕೂಲಿಯನ್ನೂ ಕಾಯುತ್ತದೆ.

ಇನ್ನೊಂದು ಆಕ್ಷೇಪ, ಕೆಲಸ ಸಿಗುತ್ತದೆ ಎಂದು ಗೊತ್ತಾದರೆ ಸುಳ್ಳು ಅರ್ಜಿಗಳು ಹೆಚ್ಚುತ್ತವೆ ಎನ್ನುವುದು. ಇದಕ್ಕೆ ಮದ್ದು ಅರ್ಜಿಗಳನ್ನು ಬೇಗ ತೀರ್ಮಾನಿಸುವುದು. ವರ್ಷಗಟ್ಟಲೆ ಎಳೆದರೆ ಸುಳ್ಳು ಅರ್ಜಿ ಹಾಕಿದವರಿಗೆ ಉಳಿಯಲು ಕಾಲ ಸಿಗುತ್ತದೆ, ನಿಜವಾಗಿ ಜೀವಭಯದಿಂದ ಬಂದವರು ಕೊರಗುತ್ತಾರೆ. ಭದ್ರತಾ ಪರಿಶೀಲನೆಗೂ ಇದೇ ಮಾತು ಸಲ್ಲುತ್ತದೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ ಇರುವ ಕೆಲಸಗಾರರ ಬಗ್ಗೆ ಸರ್ಕಾರಕ್ಕೆ ಇರುವಷ್ಟು ಮಾಹಿತಿ, ಕದ್ದು ದುಡಿಯುವವರ ಬಗ್ಗೆ ಇರುವುದಿಲ್ಲ.

ಮುಂಬಯಿ ಕನ್ನಡಿಗರಿಗೆ ಇದು ಏಕೆ ಅರ್ಥವಾಗಬೇಕು?

ದಕ್ಷಿಣ ಕನ್ನಡ, ಉಡುಪಿಯಿಂದ ಮುಂಬಯಿಗೆ ಬಂದ ಹಿಂದಿನ ತಲೆಮಾರಿನ ಅನೇಕರು ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ತಮ್ಮದೇ ಹೋಟೆಲು ಇಟ್ಟರು, ಬ್ಯಾಂಕು ಕಚೇರಿ ಸೇರಿದರು. ಉತ್ತರ ಕರ್ನಾಟಕದಿಂದ ಬಂದವರು ಕಟ್ಟಡ ಕಟ್ಟಿದರು, ರಸ್ತೆ ಹಾಕಿದರು. ಅವರು ನಿರಾಶ್ರಿತರಲ್ಲ, ಸ್ವಂತ ದೇಶದೊಳಗೆ ಊರು ಬದಲಿಸಿದವರು. ಆದರೆ ಊರಿನಿಂದ ಬಂದ ಮರುದಿನವೇ ಕೆಲಸಕ್ಕೆ ನಿಲ್ಲಬಹುದಿತ್ತು. ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಗೆ ಹೋಗಿಯೂ ನೆಲೆಸಿ ದುಡಿಯುವ ಹಕ್ಕನ್ನು ಅವರಿಗೆ ಕೊಟ್ಟಿತ್ತು. 'ಹೊರಗಿನವರು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ' ಎಂಬ ಕೂಗು 1960ರ ದಶಕದಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಇದೇ ಮುಂಬಯಿಯಲ್ಲಿ ಎದ್ದಾಗಲೂ ಆ ಹಕ್ಕು ಅವರನ್ನು ಕಾಯಿತು.

ಊರಿನಿಂದ ಬಂದವರು ಒಂದೂವರೆ ವರ್ಷ ಕೂತು ಕಾಯಬೇಕು, ಅಲ್ಲಿಯವರೆಗೆ ಕೆಲಸ ಮಾಡಿದರೆ ಅಪರಾಧ ಎಂಬ ನಿಯಮವಿದ್ದಿದ್ದರೆ ಎಷ್ಟು ಮನೆಗಳ ಕಥೆ ಬೇರೆಯಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಮುಂದೇನು?

ಯಾರಿಗೆ ಆಶ್ರಯ ಕೊಡಬೇಕು, ಎಷ್ಟು ಜನರಿಗೆ ಕೊಡಬೇಕು ಎನ್ನುವುದನ್ನು ಪ್ರತಿ ದೇಶವೂ ತನ್ನ ಭದ್ರತೆ, ಶಕ್ತಿ ನೋಡಿಕೊಂಡು ತೀರ್ಮಾನಿಸುತ್ತದೆ. ಅದರ ಬಗ್ಗೆ ಭಿನ್ನ ಅಭಿಪ್ರಾಯಗಳಿರಬಹುದು. ಇರಲು ಬಿಟ್ಟವರನ್ನು ದುಡಿಯಲು ಬಿಡಬೇಕೇ ಎನ್ನುವುದು ಬೇರೆಯೇ ಪ್ರಶ್ನೆ. ಕಲ್ಯಾಣ್ ಕ್ಯಾಂಪ್, ಬೈಲಕುಪ್ಪೆ, ಲೆಸ್ಟರ್, ಜರ್ಮನಿ ನಾಲ್ಕೂ ಕಡೆಯ ಅನುಭವ ಒಂದೇ ದಿಕ್ಕಿಗೆ ಕೈ ತೋರಿಸುತ್ತದೆ. ಬಂದವರು ಊರಿಗೆ ಹೊರೆಯಾಗುತ್ತಾರೋ ಆಸರೆಯಾಗುತ್ತಾರೋ ಎನ್ನುವುದರಲ್ಲಿ, ಬಂದ ದಿನಕ್ಕೂ ಮೊದಲ ಸಂಬಳದ ದಿನಕ್ಕೂ ನಡುವಿನ ಅಂತರಕ್ಕೆ ದೊಡ್ಡ ಪಾತ್ರವಿದೆ.

ಭಾರತದಲ್ಲಿ ಆ ಅಂತರ ಎಷ್ಟಿರಬೇಕೆಂದು ಹೇಳುವ ಕಾನೂನು ಇನ್ನೂ ಇಲ್ಲ. 2011ರ ಕಾರ್ಯವಿಧಾನ ದಾರಿಯನ್ನು ತೋರಿಸಿದೆಯಾದರೂ ಅದು ಆದೇಶ ಮಾತ್ರ, ಸರ್ಕಾರ ಬಯಸಿದಾಗ ಬದಲಿಸಬಹುದು. ಅರ್ಜಿಗೆ ಕಾಲಮಿತಿ, ಪರಿಶೀಲನೆ ಮುಗಿದವರಿಗೆ ಕೆಲಸದ ಅನುಮತಿ, ಸ್ಥಳೀಯರಷ್ಟೇ ಕನಿಷ್ಠ ಕೂಲಿ: ಈ ಮೂರನ್ನು ಯಾವ ದೇಶದವರು, ಯಾವ ಧರ್ಮದವರು ಎಂದು ನೋಡದೆ ಕಾನೂನಿನಲ್ಲೇ ಬರೆದರೆ, ಕಾಗದವಿಲ್ಲದೆ ದುಡಿಯುವವರಿಗೂ ಅವರ ಪಕ್ಕದಲ್ಲಿ ನಿಂತು ಕೂಲಿ ಕೇಳುವ ನಮ್ಮವರಿಗೂ ಅದರಿಂದ ಉಪಯೋಗವಿದೆ.